ಫ್ರೋಜನ್ ತರಕಾರಿಯಲ್ಲಿ ಸತ್ವವೇ ಇಲ್ಲವೇ? ಬರ್ಲಿನ್ ಅಡುಗೆಮನೆಯ ಲೆಕ್ಕ

‘ಫ್ರೋಜನ್ ತರಕಾರಿಯಲ್ಲಿ ಸತ್ವವಿಲ್ಲ, ದಿನಾಂಕ ಮುಗಿದ ಪೊಟ್ಟಣವೆಲ್ಲ ವಿಷ’ ಎಂಬ ಮಾತನ್ನು ನಂಬಿದರೆ, ಬರ್ಲಿನ್‌ನಲ್ಲಿ ಓದುವ ಮಕ್ಕಳು ತಿಂಗಳ ಕೊನೆಗೆ ಬರೀ ಬ್ರೆಡ್ಡಿನಲ್ಲಿ ದಿನ ದೂಡಬೇಕಾದೀತು. ನಿಜವೇನು, ನೋಡೋಣ.

ಬಟಾಣಿ, ಪಾಲಕ್ ಕೊಯ್ದ ಕೂಡಲೇ ಬಿಸಿನೀರಲ್ಲಿ ಅದ್ದಿ ಹೆಪ್ಪುಗಟ್ಟಿಸುತ್ತಾರೆ. ಆಗ ವಿಟಮಿನ್ ಸಿ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ಫ್ರಿಜ್ಜಿನಲ್ಲಿ ದಿನಗಟ್ಟಲೆ ಇಟ್ಟ ‘ತಾಜಾ’ ಸೊಪ್ಪಿನಲ್ಲೂ ಅದು ಕಡಿಮೆಯಾಗುತ್ತದೆ.

ಜರ್ಮನಿಯ ಪೊಟ್ಟಣದಲ್ಲಿ ‘ಮಿಂಡೆಸ್ಟೆನ್ಸ್ ಹಾಲ್ಟ್‌ಬಾರ್ ಬಿಸ್’ ಎಂದಿದ್ದರೆ ಅದು ಗುಣಮಟ್ಟದ ಗಡುವು ಮಾತ್ರ. ಸರಿಯಾಗಿ ಇಟ್ಟಿದ್ದರೆ, ನಂತರವೂ ನೋಡಿ, ಮೂಸಿ ಬಳಸಬಹುದು. ‘ತ್ಸು ಫೆರ್‌ಬ್ರೌಖೆನ್ ಬಿಸ್’ ಎಂದಿದ್ದರೆ ಮಾತ್ರ, ಉದಾಹರಣೆಗೆ ಕೀಮಾ, ಆ ದಿನ ದಾಟಿದ ಮೇಲೆ ತಿನ್ನಬಾರದು.

100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಬೇಳೆ, ಫ್ರೋಜನ್ ಪಾಲಕ್, ಅನ್ನ ಇದ್ದರೆ ಅಗ್ಗದಲ್ಲೇ ಒಳ್ಳೆಯ ಊಟ. ನಾವು ಹೇಳುವುದಿಷ್ಟೇ: ಫಾರ್ವರ್ಡ್ ನಂಬುವ ಮುನ್ನ ಪೊಟ್ಟಣ ಓದಿ.