ತವರಿಗೆ ಬಂದ ಹಕ್ಕಿಗಳು

ಪಕ್ಷಿವೀಕ್ಷಣೆ ನಮ್ಮ ವಿದ್ಯಾವಂತರಲ್ಲಿ ಒಂದು ಹವ್ಯಾಸವಾಗಿ ಬೇರೂರಿರುವುದು ಸಂತೋಷಪಡತಕ್ಕ ಸಂಗತಿ. ರಜೆ ಬಂದೊಡನೆ ದುರ್ಬೀನನ್ನು ಕೊರಳಿಗೆ ತೂಗುಹಾಕಿಕೊಂಡು ಹೊರಡುವ ತರುಣರನ್ನು ಕಂಡು ಹಿರಿಯರು ನಗಬೇಕಾದ ಕಾರಣವಿಲ್ಲ. ಆದರೆ ಒಂದು ಬೆಳಗಿನಲ್ಲಿ ಇಷ್ಟು ಜಾತಿಗಳನ್ನು ಕಂಡೆವೆಂದು ಪಟ್ಟಿ ಬರೆದು, ಹತ್ತಾರು ಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗಿದರೆ ನೋಡುವ ಕೆಲಸ ಮುಗಿಯಿತೆ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನೇ ತೆಗೆದುಕೊಳ್ಳೋಣ. ಅದು ಕಾಡಲ್ಲ, ಶಿಂಷಾ ನದಿಗೆ ಸಮೀಪದಲ್ಲಿ ಜನ ಬಾಳಿ ಬದುಕುವ ಒಂದು ಹಳ್ಳಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದಲ್ಲಿ ಅಲ್ಲಿಗೆ ಬಂದು, ಮನೆಗಳ ಮಗ್ಗುಲಿನ ಹುಣಿಸೆಮರಗಳಲ್ಲಿ ಗೂಡು ಕಟ್ಟಿ, ಮರಿಗಳನ್ನು ಬೆಳೆಸಿ, ಮಳೆಗಾಲದ ಹೊತ್ತಿಗೆ ತೆರಳುತ್ತವೆ. ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳು ಇವು ಎಂಬುದು ಊರವರ ಭಾವನೆ.

ಈ ಮಾತನ್ನು ಕೇಳಿ ಪ್ರವಾಸಿಗರು ಮೆಚ್ಚಿ ತಲೆದೂಗುತ್ತಾರೆ; ಅದರ ಹಿಂದಿನ ತ್ಯಾಗವನ್ನು ಮಾತ್ರ ಅರಿಯರು. ಗೂಡಿನಲ್ಲಿ ಮರಿಗಳಿರುವ ಕಾಲವೂ ಹುಣಿಸೆ ಬಡಿಯುವ ಕಾಲವೂ ಒಂದೇ. ಮರಿಗಳು ಉಳಿಯಬೇಕಾದರೆ ಮರದ ಒಡೆಯನು ಫಸಲನ್ನು ಬಿಡಬೇಕು. ಹಿಕ್ಕೆಯು ಹೊಲಕ್ಕೆ ಗೊಬ್ಬರವಾಗುವುದು ನಿಜ. ಅಂಗಳದ ನಾತವನ್ನು ಸಹಿಸುವವರೂ ಆ ಮನೆಯವರೇ. ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆಯು ಪರಿಹಾರದ ಏರ್ಪಾಡು ಮಾಡಿತು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು; 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆನಿಸಿತು. ಕಾನೂನು ಆಮೇಲೆ ಬಂದಿತು. ತವರು ಅದಕ್ಕಿಂತ ಬಹು ಹಿಂದಿನದು.

ಹೀಗಿರುವಾಗ ಅಲ್ಲಿ ಹಕ್ಕಿಯನ್ನು ನೋಡುವವನು ಆ ಮನೆಯವರಿಗೆ ಋಣಿಯಾಗಿದ್ದಾನೆ. ಬಾಣಂತಿಯ ಕೋಣೆಗೆ ಹೇಗೆ ನುಗ್ಗಬಾರದೋ ಹಾಗೆ ಗೂಡಿನ ಹತ್ತಿರ ಗದ್ದಲ ಮಾಡಬಾರದು ಎಂಬುದು ಮೊದಲ ಮರ್ಯಾದೆ. ಆದರೆ ಮರ್ಯಾದೆಯಿಂದಲೇ ಋಣ ತೀರದು, ದುಡಿಯಬೇಕು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ಹಾರುವ ತನಕ ಸಾಕುವ ಕೆಲಸ ಆ ಊರಿನಲ್ಲಿ ನಡೆದುಬಂದಿದೆ. ಅಂಥದಕ್ಕೆ ಕೈಜೋಡಿಸುವವನೇ ನಿಜವಾದ ಹವ್ಯಾಸಿ.

ಶಾಸ್ತ್ರಜ್ಞರಿರುವಾಗ ಹವ್ಯಾಸಿಯಿಂದ ಆಗುವುದೇನು ಎಂದು ಕೇಳುವವರುಂಟು. 2017ರ ಕೊನೆಯಿಂದ 2018ರ ಆರಂಭದವರೆಗೆ ಅದೇ ಊರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತುಬಿದ್ದವು. ಹೊಟ್ಟೆಯಲ್ಲಿ ಹುಳುಗಳಿದ್ದುದು ಪರೀಕ್ಷೆಯಿಂದ ತಿಳಿಯಿತು. ಪರೀಕ್ಷೆ ಶಾಸ್ತ್ರಜ್ಞನ ಕೆಲಸ. ಆದರೆ ನಿನ್ನೆ ಇದ್ದ ಹಕ್ಕಿ ಇಂದಿಲ್ಲವೆಂದು ಹೇಳಬಲ್ಲವನು ದಿನವೂ ನೋಡಿದವನೇ. ವರ್ಷಕ್ಕೊಮ್ಮೆ ಬಂದು ಹೋಗುವವನಿಗೆ ಅದು ಸಾಧ್ಯವಿಲ್ಲ.

ಹಾಗೆ ನೋಡುವುದಕ್ಕೆ ಎಲ್ಲರೂ ಬೆಳ್ಳೂರಿಗೇ ಹೋಗಬೇಕಾಗಿಲ್ಲ. ಜಗತ್ತಿನಾದ್ಯಂತ ಫೆಬ್ರವರಿಯಲ್ಲಿ ನಡೆಯುವ ಹಿತ್ತಿಲ ಹಕ್ಕಿಗಳ ಎಣಿಕೆಗೆ ಭಾರತವೂ 2013ರಿಂದ ಸೇರಿದೆ. ಕನಿಷ್ಠ ಕಾಲುಗಂಟೆ ನಿಂತು, ಕಂಡದ್ದನ್ನು ಎಣಿಸಿ ಬರೆದರಾಯಿತು. ನಮ್ಮ ಕಾಲೇಜುಗಳ ಆವರಣದಲ್ಲಿ ಮರಗಳಿಲ್ಲವೆ? ಮೈನಾ, ಗಿಳಿ, ಕಾಗೆಗಳಿಲ್ಲವೆ? ಅವುಗಳ ಕನ್ನಡದ ಹೆಸರನ್ನಾದರೂ ಅರಿಯದ ವಿದ್ಯಾರ್ಥಿಯು ದೂರದ ಪಕ್ಷಿಧಾಮಕ್ಕೆ ಹೋಗಿ ಏನನ್ನು ಕಂಡಾನು?

ಓದುಬರಹ ಬಲ್ಲ ನಮಗೆ ದುರ್ಬೀನಿದೆ, ಪುಸ್ತಕವಿದೆ, ಬಿಡುವಿದೆ. ಬೆಳ್ಳೂರಿನ ರೈತನು ಹಕ್ಕಿಗಾಗಿ ಬಿಟ್ಟುಕೊಟ್ಟದ್ದು ಒಂದು ಮರದ ಫಸಲನ್ನು. ನಾವು ಬಿಟ್ಟುಕೊಡಬೇಕಾದದ್ದು ದಿನಕ್ಕೆ ಕಾಲುಗಂಟೆಯನ್ನು ಮಾತ್ರ.