ಯಾರ ಅಂಗಳದಲ್ಲಿ ಈ ಕ್ರೀಡಾಂಗಣ?

ಲಾಸ್ ಏಂಜಲೀಸ್‌ನ ಸಮಾವೇಶ ಕೇಂದ್ರದ ಮಗ್ಗುಲಲ್ಲಿ ಸ್ಟೇಪಲ್ಸ್ ಸೆಂಟರ್ ಕ್ರೀಡಾಂಗಣ 1999ರಲ್ಲಿ ಬಾಗಿಲು ತೆರೆಯಿತು. ಅದಕ್ಕಾಗಿ ಹಲವು ಬಡ ಕುಟುಂಬಗಳು ಅದಾಗಲೇ ಮನೆ ಬಿಟ್ಟು ಹೋಗಿದ್ದವು. ಹೋಟೆಲು, ರಂಗಮಂದಿರಗಳ ಎಲ್.ಎ. ಲೈವ್ ಸಂಕೀರ್ಣವೂ ಪಕ್ಕದಲ್ಲೇ ಏಳಲಿದೆಯೆಂದು ತಿಳಿದಾಗ ಬಾಡಿಗೆದಾರರೂ ಕಾರ್ಮಿಕ ಸಂಘಗಳೂ ಒಂದಾದರು. 2001ರಲ್ಲಿ ನಿರ್ಮಾಣ ಸಂಸ್ಥೆ ಅವರೊಡನೆ ಲಿಖಿತ ಒಪ್ಪಂದಕ್ಕೆ ಬಂತು: ಶೇ. 70ರಷ್ಟು ಉದ್ಯೋಗಗಳಲ್ಲಿ ಬದುಕಿಗೆ ಸಾಲುವ ವೇತನದ ಗುರಿ, ಸ್ಥಳೀಯರಿಗೆ ಕೆಲಸದಲ್ಲಿ ಆದ್ಯತೆ, ಹೊಸ ವಸತಿಯಲ್ಲಿ ಶೇ. 20ರಷ್ಟು ಬಡವರ ಕೈಗೆಟಕುವ ಮನೆಗಳು. 2028ರ ಒಲಿಂಪಿಕ್ಸ್‌ಗೆ ಆ ನಗರ ಈಗ ಮತ್ತೆ ಸಜ್ಜಾಗುತ್ತಿದೆ. ಬಾಯಿಮಾತಿನ ಭರವಸೆಗೆ ಮರುಳಾಗದೆ ಬರಹದಲ್ಲಿ ಹಕ್ಕು ಪಡೆದ ಆ ನೆರೆಹೊರೆಯವರೇ ನಮಗೆ ಮಾದರಿ. ವಲಸೆ ಬಂದ ನಾವೂ ಈ ಊರುಗಳ ತೆರಿಗೆದಾರರು. ಪಂದ್ಯಕ್ಕೋ ಸಮ್ಮೇಳನಕ್ಕೋ ಟಿಕೆಟು ಕೊಳ್ಳುವಾಗ, ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಕೇಳೋಣ.