ಬೆನ್ನು ನೋವಿಗೆ ಸೈಕಾಲಜಿಸ್ಟ್ ಯಾಕೆ?

ಎಂಆರ್‌ಐ ಆಯಿತು, ಫಿಸಿಯೋಥೆರಪಿ ಆಯಿತು, ಊರಿಂದ ತಂದ ಎಣ್ಣೆಯೂ ಮುಗಿಯಿತು. ಬೆನ್ನು ನೋವು ಮಾತ್ರ ಹೋಗಲಿಲ್ಲ. ಆಗ ಡಾಕ್ಟರು "ಒಮ್ಮೆ ಸೈಕಾಲಜಿಸ್ಟ್ ಹತ್ತಿರ ಹೋಗಿ ಬನ್ನಿ" ಎಂದರೆ ಯಾರಿಗಾದರೂ ಬೇಸರವಾಗುತ್ತದೆ. "ಹಾಗಾದ್ರೆ ನನ್ನ ನೋವು ಸುಳ್ಳಾ?"

ಖಂಡಿತ ಅಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಡುವ ನೋವಿನಲ್ಲಿ, ಪೆಟ್ಟು ಮಾಸಿದ ಮೇಲೂ ನರಮಂಡಲ ಎಚ್ಚರಿಕೆಯ ಗಂಟೆ ಬಾರಿಸುತ್ತಲೇ ಇರಬಹುದು. ನಿದ್ದೆಗೇಡು, ಒತ್ತಡ, ಭಯ ಆ ಸದ್ದನ್ನು ಜೋರಾಗಿಸುತ್ತವೆ. ದುಬೈ, ಅಬುಧಾಬಿಯಲ್ಲಿ ಇಡೀ ಮನೆಯ ವೀಸಾ ಒಬ್ಬರ ಕೆಲಸವನ್ನೇ ನಂಬಿರುವಾಗ, "ಬೆನ್ನು ಕೈಕೊಟ್ಟರೆ ಗತಿಯೇನು" ಎಂಬ ಭಯ ಸಣ್ಣದಲ್ಲ.

ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಹಿಡಿಯುವುದು ಇದನ್ನೇ. ಒಂದು ಉದಾಹರಣೆ: ನೋವು ಕಡಿಮೆಯಿದ್ದ ಶನಿವಾರ ಮನೆಯೆಲ್ಲ ಒರೆಸಿ, ವಾರದ ಸಾಮಾನು ಹೊತ್ತು ತಂದು, ಭಾನುವಾರ ಪೂರ್ತಿ ಮಲಗುತ್ತೇವೆ. ಅದರ ಬದಲು ನೋವು ಹೆಚ್ಚಿರಲಿ, ಕಡಿಮೆಯಿರಲಿ, ದಿನಕ್ಕೆ ಹತ್ತೇ ನಿಮಿಷ ನಡೆದು, ನಿಧಾನವಾಗಿ ಹೆಚ್ಚಿಸುವುದನ್ನು ಇಲ್ಲಿ ಕಲಿಸುತ್ತಾರೆ. ಬೇಸಿಗೆಯಲ್ಲಿ ಮಾಲ್‌ನೊಳಗೆ ನಡೆದರೂ ಸರಿ.

ಫಲ ಎಷ್ಟು? 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹಳೆಯ ಬೆನ್ನು ನೋವಿನ 342 ಮಂದಿ ಇದ್ದರು. ಆರು ತಿಂಗಳ ಹೊತ್ತಿಗೆ ದಿನನಿತ್ಯದ ಕೆಲಸಗಳು ಗಮನಾರ್ಹವಾಗಿ ಸುಲಭವಾದದ್ದು ಸಿಬಿಟಿ ಪಡೆದವರಲ್ಲಿ ಸುಮಾರು 58%, ಮೈಂಡ್‌ಫುಲ್‌ನೆಸ್ ಕಲಿತವರಲ್ಲಿ 61%, ಮಾಮೂಲಿ ಚಿಕಿತ್ಸೆಯವರಲ್ಲಿ 44% ಮಂದಿಗೆ. ಆದರೆ ದೀರ್ಘಕಾಲದ ನೋವಿನ ಬಗ್ಗೆ 75 ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2020ರ ಕಾಕ್ರೇನ್ ವಿಮರ್ಶೆ, ಲಾಭ ಇದೆ, ಆದರೆ ಸರಾಸರಿಯಲ್ಲಿ ಚಿಕ್ಕದು ಎನ್ನುತ್ತದೆ. ಅಂದರೆ ಇದು ಪವಾಡವಲ್ಲ; ವ್ಯಾಯಾಮದ ಜೊತೆಗೆ ಸೇರಬೇಕಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಲ್ಲೂ ಇದಕ್ಕೆ ಜಾಗವಿದೆ.

ಶುರು ಮಾಡುವ ಮುನ್ನ ಎರಡು ಮಾತು ಕೇಳಿ: ನಿಮ್ಮ ಇನ್ಶೂರೆನ್ಸ್ ಇದಕ್ಕೆ ಹಣ ಕೊಡುತ್ತದೆಯೇ? ಆ ಸೈಕಾಲಜಿಸ್ಟ್‌ಗೆ ದೀರ್ಘಕಾಲದ ನೋವಿನವರನ್ನು ನೋಡಿ ಅನುಭವವಿದೆಯೇ? ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಕಾಯಬೇಡಿ, ನೇರವಾಗಿ ಎಮರ್ಜೆನ್ಸಿಗೆ ಹೋಗಿ. ನೋವಿನ ಜೊತೆ ಜ್ವರ ಬಂದರೂ ಬೇಗ ಡಾಕ್ಟರಿಗೆ ತೋರಿಸಿ.

ಮಕ್ಕಳ ಮುಂದೆ ಆಡುವ ಮಾತೂ ಮುಖ್ಯ. "ಅಮ್ಮನ ಬೆನ್ನು ಹೋಯ್ತು, ಹತ್ರ ಬರಬೇಡ" ಎಂದರೆ ಮಗು ಹೆದರುತ್ತದೆ. "ಹತ್ತು ನಿಮಿಷ ಆಡೋಣ, ಆಮೇಲೆ ಅಮ್ಮ ಸ್ವಲ್ಪ ಕೂರ್ತೀನಿ" ಅನ್ನಿ. ಮಗುವಿಗೆ ಆಟ ಸಿಗುತ್ತದೆ, ನಿಮ್ಮ ಆ ದಿನದ ಅಭ್ಯಾಸವೂ ಆಗುತ್ತದೆ.